ವಿರೋಧದ ಚೀಟಿ

“ಎಂಥ ಆ್ಯಕ್ಟಿಂಗ್ ಮಾರಾಯ್ತಿ ನಿನ್ನದು! ನಾವು ಸಹ ನಂಬಿಬಿಟ್ಟೆವು” ಎಂದು ಗೆಳತಿಯರು ಪ್ರತೀಕ್ಷಾಳ ಬೆನ್ನು ತಟ್ಟುತ್ತಿದ್ದರು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಳೆದ ವರ್ಷದ ಚರ್ಚಾಸ್ಪರ್ಧೆ ಆಗಷ್ಟೇ ಮುಗಿದಿತ್ತು. ಲೋಕಸಭೆ, ವಿಧಾನಸಭೆಗಳಿಗೆ ಒಟ್ಟಿಗೇ ಚುನಾವಣೆ ನಡೆಯಬೇಕೇ ಎಂಬುದು ವಿಷಯ. ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ಚೀಟಿ ಏನೇ ಬರಲಿ, ಗೆಳತಿಯರ ಗುಂಪಿನ ನಿಜವಾದ ನಿಲುವು ಪೂರ್ತಿ ಪರ. ಬೆಳ್ತಂಗಡಿಯ ಹುಡುಗಿ ಪ್ರತೀಕ್ಷಾಳಿಗೆ ಬಂದದ್ದು ವಿರೋಧದ ಚೀಟಿ. ಅವಳೂ ಅದೇ ಗುಂಪಿನವಳೆಂದು ಸಂಘಟಕರು ಹೇಳಿದ್ದರಿಂದ, ತೀರ್ಪುಗಾರನಾಗಿದ್ದ ನಾನು “ತಾನು ಒಪ್ಪದ್ದನ್ನೂ ಇಷ್ಟು ಚೆನ್ನಾಗಿ ವಾದಿಸಿದಳು” ಎಂದು ಹೊಗಳಿಯೇ ಮೊದಲ ಬಹುಮಾನ ಕೊಟ್ಟಿದ್ದೆ.

ನಾನು ಬಂಟ್ವಾಳದ ಬಸ್ಸಿಗೆಂದು ಗೇಟಿನತ್ತ ಹೊರಟಾಗ ಅವಳೊಬ್ಬಳೇ ಹಿಂದೆ ಬಂದಳು.

“ಸರ್, ಅದು ಆ್ಯಕ್ಟಿಂಗ್ ಅಲ್ಲ. ನನ್ನ ಮನಸ್ಸಲ್ಲಿ ಇದ್ದದ್ದನ್ನೇ ಹೇಳಿದ್ದು. ಇವರಿಗೆ ಗೊತ್ತಾದ್ರೆ ನಾಳೆಯಿಂದ ಊಟಕ್ಕೆ ಸಹ ಒಟ್ಟಿಗೆ ಕರೀಲಿಕ್ಕಿಲ್ಲ. ಯಾರತ್ರವೂ ಹೇಳ್ಬೇಡಿ, ಆಯ್ತಾ?”

ನಾನು ಉತ್ತರಿಸುವ ಮೊದಲೇ ಗೆಳತಿಯರು ಕೂಗಿದರು. ಅವಳು ನಗುತ್ತಾ ಅವರತ್ತ ಓಡಿದಳು.

ಈ ವರ್ಷ ಅದೇ ಸಂಘಟಕರು ಫೋನ್ ಮಾಡಿ, ಚೀಟಿ ಬೇಡ, ಪರ-ವಿರೋಧವನ್ನು ಮಕ್ಕಳೇ ಆರಿಸಿಕೊಳ್ಳಲಿ, ಆಗದೇ ಎಂದು ಕೇಳಿದರು. ಚೀಟಿಯೇ ಇರಲಿ ಎಂದೆ. ಯಾಕೆ ಎಂದು ಕೇಳಿದರು. “ಚೀಟಿಯ ಹೆಸರಲ್ಲಾದರೆ ಮಕ್ಕಳು ಮನಸ್ಸಲ್ಲಿದ್ದದ್ದನ್ನೂ ಹೇಳಬಹುದು” ಎಂದಷ್ಟೇ ಹೇಳಿ, ಅವಳ ಹೆಸರೆತ್ತದೆ ಫೋನ್ ಇಟ್ಟೆ.