ಗೋಡೆಯ ಹಿಂದಿನ ಚಂದ್ರ

ಸಂಕಷ್ಟಿಯ ಉಪವಾಸ ಬಿಡಿ ಎಂದು ನಮ್ಮ ಅಮ್ಮನಿಗೆ ಹೇಳುವ ಧೈರ್ಯ ಅವಳ ಡಾಕ್ಟರರಿಗೂ ಉಳಿದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಹೆಂಗಸು, ತಿಂಗಳಿಗೊಮ್ಮೆ ದಿನವಿಡೀ ಖಾಲಿ ಹೊಟ್ಟೆಯಲ್ಲಿದ್ದು, ರಾತ್ರಿ ಚಂದ್ರನನ್ನು ಕಣ್ಣಾರೆ ಕಂಡು ಅರ್ಘ್ಯ ಬಿಟ್ಟ ಮೇಲೆಯೇ ಊಟಕ್ಕೆ ಕೂರುವುದು. ಮೋಡವಿದ್ದರೆ ಪಂಚಾಂಗದ ಚಂದ್ರೋದಯ ನೋಡಿ ಉಣ್ಣಬಹುದೆಂದು ದೇವಸ್ಥಾನದಲ್ಲಿ ಪೂಜೆ ಮಾಡುವ ನನ್ನ ಅಣ್ಣನೇ ಹೇಳುತ್ತಾನೆ. ಮಳೆಗಾಲದಲ್ಲಿ ಅಮ್ಮನೂ ಒಪ್ಪುತ್ತಾಳೆ. ಮೋಡವಿಲ್ಲದ ದಿನ ಮಾತ್ರ ಜಪ್ಪಯ್ಯ ಅಂದರೂ ಕೇಳುವುದಿಲ್ಲ.

"ಆಕಾಶ ಎದುರಿಗೇ ಉಂಟಲ್ಲ, ಪುಸ್ತಕ ಎಂತಕ್ಕೆ?" ಎನ್ನುತ್ತಾಳೆ.

ಅತ್ತಾವರದ ನಮ್ಮ ಫ್ಲ್ಯಾಟಿನ ಪೂರ್ವಕ್ಕೆ ಈಗ ಆಕಾಶವಿಲ್ಲ, ಕಟ್ಟಡವಿದೆ. ಇನ್ನೂ ಏಳುತ್ತಲೇ ಇದೆ. ಮೊದಲು ತಾರಸಿಯಲ್ಲಿ ನಿಂತರೆ ಸಾಕಿತ್ತು. ಈಗ ಅಮ್ಮ ಅರ್ಘ್ಯದ ತಂಬಿಗೆ ಹಿಡಿದು ಲಿಫ್ಟಿನಲ್ಲಿ ಇಳಿದು, ರಸ್ತೆಯ ತಿರುವಿನವರೆಗೆ ನಡೆದು, ಬೈಕುಗಳ ನಡುವೆ ಕತ್ತು ಚಾಚಬೇಕು. ನನಗೆ ಆ ಕಟ್ಟಡದ ಮೇಲೆ ಕೆಟ್ಟ ಸಿಟ್ಟು. ಚಂದ್ರನನ್ನು ಮುಚ್ಚುವ ಮೊದಲು ಅವರು ಯಾರನ್ನೂ ಕೇಳಲಿಲ್ಲ.

ಕಳೆದ ಬೇಸಿಗೆಯ ಒಂದು ಸಂಕಷ್ಟಿಯಂದು ಇಡೀ ಬಡಾವಣೆಯ ಕರೆಂಟು ಹೋಯಿತು. ಜನರೇಟರೂ ಕೈಕೊಟ್ಟಿತು. ಲಿಫ್ಟ್ ಇಲ್ಲದೆ ಅಷ್ಟು ಮಹಡಿ ಇಳಿಯಲು ಅಮ್ಮನ ಮಂಡಿಯಿಂದ ಆಗದು. ನಮ್ಮದು ಕೊನೆಯ ಮಹಡಿಯಾದ್ದರಿಂದ ನಾನೂ ಅಣ್ಣನೂ ಅವಳನ್ನು ಹೇಗೋ ತಾರಸಿಗೆ ಹತ್ತಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಪಂಚಾಂಗದ ಹೊತ್ತು ದಾಟಿತು. ಕಟ್ಟಡ ಕಪ್ಪಗೆ ನಿಂತಿತ್ತು. ಅಮ್ಮನ ಹಣೆಯಲ್ಲಿ ತಣ್ಣನೆಯ ಬೆವರೊಡೆದು ಬೆರಳು ನಡುಗತೊಡಗಿತು. ಬೆಲ್ಲದ ತುಂಡು ಬಾಯಿಗೆ ಹಿಡಿದೆ. ಮುಖ ತಿರುಗಿಸಿದಳು. ಇವಳು ನನ್ನ ಕಣ್ಣೆದುರೇ ಕುಸಿಯುತ್ತಾಳೆ ಎಂದು ನನಗೆ ಭಯವಾಯಿತು, ಭಯದ ಹಿಂದೆಯೇ ರೋಷವೂ ಬಂತು.

ಆಗ ನನ್ನ ಕ್ಯಾಮೆರಾದ ಫಿಲ್ಟರ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಗಾಜು, ನೆನಪಾಯಿತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಚಂದ್ರನ ಬೆಳಕು ಗಾಳಿಯಲ್ಲಿ ಚದುರಿದಾಗ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ ಪಟ್ಟಿಯೊಂದು ಆಕಾಶದಲ್ಲಿ ಮೂಡುತ್ತದೆ. ಧ್ರುವೀಕರಣ ಎಂದು ಪಾಠ ಮಾಡುತ್ತೇನೆ. ಚಂದ್ರ ಕೆಳಗಿರುವಾಗ ಆ ಪಟ್ಟಿ ನಮ್ಮ ನೆತ್ತಿಯ ಮೇಲಿರುತ್ತದೆ. ಬರಿಗಣ್ಣಿಗೆ ಅದು ಕಾಣದು, ಫಿಲ್ಟರ್ ತಿರುಗಿಸಿದರೆ ಮಾತ್ರ ಕಪ್ಪಾಗಿ ಬೆಳ್ಳಗಾಗಿ ಗೊತ್ತಾಗುತ್ತದೆ. ಬೀದಿದೀಪಗಳಿದ್ದರೆ ಮಾಸಿಯೂ ಹೋಗುತ್ತದೆ. ಅಂದು ದೀಪಗಳೇ ಇರಲಿಲ್ಲ.

ಫಿಲ್ಟರ್ ತಂದು ಅಮ್ಮನ ಕಣ್ಣಿಗೆ ಹಿಡಿದೆ. "ಮೇಲೆ ನೋಡಿಕೊಂಡು ಇದನ್ನು ಮೆಲ್ಲ ತಿರುಗಿಸು. ಆಕಾಶ ಪೂರಾ ಕಪ್ಪಾದಲ್ಲಿ ನಿಲ್ಲಿಸು. ಸೆಗಣಿ ಉರುಳಿಸುವ ಹುಳ ಇದೇ ಬೆಳಕು ಹಿಡಿದು ರಾತ್ರಿ ನೆಟ್ಟಗೆ ಹೋಗ್ತದೆ, ಚಂದ್ರ ಮರೆಯಲ್ಲಿದ್ದರೂ."

"ನನ್ನನ್ನು ಸೆಗಣಿ ಹುಳ ಮಾಡಿದಿಯಾ ಮಾರಾಯ್ತಿ?" ಎಂದಳು. ಆದರೂ ತಿರುಗಿಸಿದಳು.

ಕತ್ತು ಹಿಂದಕ್ಕೆ ಚಾಚಿ ಅದರ ಅಂಚನ್ನು ಇಷ್ಟಿಷ್ಟೇ ಸರಿಸಿದಳು. ಆಮೇಲೆ, "ಕಪ್ಪಾಯ್ತು... ಈಗ ಬೆಳ್ಳಗಾಯ್ತು. ಪುನಃ ಕಪ್ಪು!" ಅವಳ ದನಿ ಏರಿತು. ಕಪ್ಪಾದಲ್ಲಿ ನಿಲ್ಲಿಸಿದಾಗ, ಬೆಳಕು ಬರುವ ಗೆರೆ ತೋರಿಸಲೆಂದು ಪಾಠಕ್ಕಾಗಿ ಫಿಲ್ಟರಿನ ಅಂಚಿಗೆ ನಾನು ಮೊದಲೇ ಇಟ್ಟಿದ್ದ ಬಿಳಿ ಚುಕ್ಕೆ ನೇರ ಕಟ್ಟಡದ ಕಡೆಗಿತ್ತು.

"ಚಂದ್ರ ಒಂದೋ ಆ ಚುಕ್ಕೆಯ ಕಡೆ, ಇಲ್ಲವೋ ಅದರ ಬೆನ್ನ ಕಡೆ," ಎಂದೆ.

"ಬೆನ್ನ ಕಡೆ ಕಡಲು. ಕಡಲಿನಿಂದ ಚಂದ್ರ ಹುಟ್ತಾನಾ? ಅಲ್ಲೇ ಇದ್ದಾನೆ, ಆ ಗೋಡೆಯ ಹಿಂದೆ," ಎಂದು ಅಮ್ಮ ಕಟ್ಟಡಕ್ಕೆ ಬೆರಳು ತೋರಿಸಿದಳು. "ತಂಬಿಗೆ ಕೊಡು."

ಅಣ್ಣನಿಗೆ ತಡೆಯಲಾಗಲಿಲ್ಲ. "ಇದು ದರ್ಶನ ಅಲ್ಲಮ್ಮ. ಪಂಚಾಂಗ ನೋಡಿ ಉಣ್ಣು, ನಾನು ಬೇಡ ಹೇಳಲಿಲ್ಲ. ಗಾಜಿನಲ್ಲಿ ಚಂದ್ರನನ್ನು ನೋಡುವುದು ಯಾವ ಶಾಸ್ತ್ರದಲ್ಲುಂಟು?"

"ಚಂದ್ರನಿಗೆ ಅಡ್ಡ ಬಿಲ್ಡಿಂಗ್ ಕಟ್ಟುವುದು ಯಾವ ಶಾಸ್ತ್ರದಲ್ಲುಂಟು?" ಎಂದೆ ನಾನು. ದನಿ ಸ್ವಲ್ಪ ಜೋರಾಗಿಯೇ ಇತ್ತು. ಅಲ್ಲಿ ಕಟ್ಟಿದವರಿಗೂ ಕೇಳಲಿ ಅನಿಸಿತ್ತು.

ಅಮ್ಮ ನಮ್ಮಿಬ್ಬರನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಆ ಕಪ್ಪು ಗೋಡೆಯ ಕಡೆಗೆ ಅರ್ಘ್ಯ ಬಿಟ್ಟು, ಕೈಮುಗಿದಳು.

"ಅವನ ಬೆಳಕು ನಾನೇ ಕಂಡೆ, ನನ್ನದೇ ಕಣ್ಣಿನಲ್ಲಿ. ಅವನು ಎಲ್ಲಿದ್ದಾನೆಂದು ನಾನೇ ಹುಡುಕಿದೆ. ಇನ್ನು ಆ ಬಿಲ್ಡಿಂಗಿನವರ ಅಪ್ಪಣೆ ಕೇಳಿ ಉಣ್ಣಬೇಕಾ? ಬಡಿಸು."

ಮೊದಲು ಬೆಲ್ಲ ತಿಂದಳು. ಆಮೇಲೆ ನಾನು ಅನ್ನ, ಸಾರನ್ನು ತಾರಸಿಗೇ ತಂದು ಬಡಿಸಿದೆ. ಬೆರಳಿನ ನಡುಕ ನಿಂತಿತು. ಎರಡನೆಯ ಸಲ ಅನ್ನ ಹಾಕುತ್ತಿದ್ದಾಗ, ಇನ್ನೂ ಗೋಡೆ ಏಳದ ಮೇಲಿನ ಮಹಡಿಯ ಕಂಬಗಳ ನಡುವೆ ಚಂದ್ರ ಇಣುಕಿದ.

"ಅಮ್ಮಾ, ಬಂದ, ಬಂದ! ಈಗ ನೋಡು!" ಎಂದು ಅಣ್ಣ ಕೂಗಿದ.

ಅಮ್ಮ ತಲೆ ಎತ್ತಲಿಲ್ಲ. "ನಾನು ನೋಡಿ ಆಯ್ತು," ಎಂದು ಸಾರಿನ ಸೌಟಿಗೆ ತಟ್ಟೆ ಒಡ್ಡಿದಳು.