ಗದ್ದೆ ತೊಳೆದ ಸೊಸೆ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಲೋಟ ಕಂಡಿತು. ಅರ್ಧ ಲೋಟ ನೀರು, ನೀರಿನ ಮೇಲೆ ಹಸಿರು ಕೆನೆ, ಗಾಜಿನ ಸುತ್ತ ಹಸಿರು ಲೋಳೆ. ನನ್ನ ಮನೆಯಲ್ಲಿ, ನನ್ನ ಕಿಟಕಿಯಲ್ಲಿ! ಎಂಬತ್ತೈದು ದಾಟಿದ ಮೇಲೆ ಮೊಣಕಾಲು ನನ್ನ ಮಾತು ಕೇಳುವುದಿಲ್ಲ, ಕಿವಿ ಅರ್ಧ ಕೇಳುತ್ತದೆ. ಆದರೆ ಕೊಳೆ ಕಂಡರೆ ಕೈ ಮಾತ್ರ ಇನ್ನೂ ಹದಿನಾರರ ಹುಡುಗಿಯದೇ. ಚೆಲ್ಲಬೇಕೆಂದು ಲೋಟ ಎತ್ತಿದೆ. ವಾಸನೆ ಬಂತು. ನಿಂತ ನೀರು, ಹಸಿ ಮಣ್ಣು, ಎಳೆಯ ಪೈರಿನ ಗರಿ ಎಲ್ಲ ಕೂಡಿದ ವಾಸನೆ. ಬಹಳ ವರ್ಷಗಳ ಹಿಂದೆ ಎಲ್ಲೋ ಬಿಟ್ಟುಬಂದದ್ದು. ಕೈ ಅಲ್ಲೇ ನಿಂತಿತು.

“ಅಜ್ಜೀ! ತೊಳಿಬ್ಯಾಡ! ಅದು ನನ್ನ ಅಭ್ಯಾಸದ್ದು!” ಎಂದು ಹಿಂದಿನಿಂದ ಮೊಮ್ಮಗಳು ಕೂಗಿಕೊಂಡಳು.

ಸುಮಾ ಧಾರವಾಡದಲ್ಲಿ ಓದುತ್ತಾಳೆ. ಕಣ್ಣಿಗೆ ಕಾಣದ ಜೀವಗಳ ಬಗ್ಗೆಯೇ ಒಂದು ಓದು ಇದೆಯಂತೆ. ರಜೆಗೆ ಬಂದವಳು ನಮ್ಮೂರ ಕೆರೆಯ ನೀರು ತಂದು ಬಿಸಿಲಿಗೆ ಇಟ್ಟಿದ್ದಳು.

“ಹಾವಸಿ ನೋಡಾಕ ಧಾರವಾಡಕ್ಕ ಹೋಗಬೇಕಾಗಿತ್ತೇನ ಹುಡುಗಿ? ನಮ್ಮ ಕೆರ್ಯಾಗ ಬೇಕಾದಷ್ಟು ಬಿದ್ದೈತಿ” ಎಂದೆ. ಪಾಚಿಗೆ ನಮ್ಮ ಕಡೆ ಹಾವಸೆ ಎನ್ನುತ್ತೇವೆ.

“ಕೆರೀದಷ್ಟ ಅಲ್ಲ ಅಜ್ಜಿ. ನಮ್ಮ ಮೇಡಂ ಸಮುದ್ರದ್ದು ಹೇಳಾಕತ್ತಾರ. ಭೂಮಿ ಆ ತುದಿ, ಈ ತುದಿ, ಬರೇ ಬರ್ಫ ತೇಲತೈತಲ್ಲ, ಆ ಸಮುದ್ರ.”

ಲೋಟ ಕಿಟಕಿಗೇ ಇಟ್ಟು ನಾನು ರೊಟ್ಟಿ ಬಡಿಯತೊಡಗಿದೆ, ಅವಳು ಪಕ್ಕದಲ್ಲಿ ಕುಳಿತು ಹೇಳಿದಳು. ಗಾಳಿಯಲ್ಲಿ ಸಾರಜನಕ ಅಂತ ಒಂದಿದೆ. ಗಿಡಕ್ಕೆ ಅದು ಬೇಕೇ ಬೇಕು, ಆದರೆ ಗಾಳಿಯಲ್ಲಿದ್ದದ್ದನ್ನು ಹಾಗೇ ತಿನ್ನಲು ಗಿಡಕ್ಕೆ ಬಾರದು. ನೀರಿನಲ್ಲಿರುವ ಕೆಲವು ಸಣ್ಣ ಜೀವಗಳು ಅದನ್ನು ಹಿಡಿದು ಉಣ್ಣುವ ಹದಕ್ಕೆ ತರುತ್ತವೆ. ಕೆಲವು ಅದನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ, ಇನ್ನು ಕೆಲವು ಮತ್ತೆ ಗಾಳಿಗೇ ಬಿಟ್ಟುಕೊಡುತ್ತವೆ. ಹೀಗೆ ತಿರುಗುತ್ತಲೇ ಇರುತ್ತದೆ. ಆ ಬರ್ಫದ ನೀರಿನಲ್ಲಿ ಇಂಥ ಅಡುಗೆ ಯಾರೂ ಮಾಡಲಾರರು ಎಂದೇ ಪಂಡಿತರೆಲ್ಲ ಬಹಳ ದಿನ ನಂಬಿದ್ದರಂತೆ. ಈಗ ನೋಡಿದರೆ ಅಲ್ಲೂ ಒಲೆ ಹೊತ್ತಿದೆ.

“ಅಂದ್ರ ಈ ಹಾವಸಿನ ಬೆಳಿಗೆ ಅಡಿಗಿ ಮಾಡಿ ಹಾಕತೈತಿ ಅಂತೀಯೇನ?” ಎಂದು ಕೇಳಿದೆ.

“ಎಲ್ಲಾ ಹಾವಸಿ ಅಲ್ಲ, ಅದರಾಗ ಕೆಲವು. ಭತ್ತದ ಗದ್ದ್ಯಾಗೂ ಇರತಾವು.”

ನನಗೆ ನಗು ಬಂತು. ಎಂಥ ನಗು ಅಂತೀರಿ, ಹಂಚಿನ ಮೇಲಿನ ರೊಟ್ಟಿ ಕರಕಾದರೂ ನಿಲ್ಲಲಿಲ್ಲ. ಹುಡುಗಿ ಗಾಬರಿಯಾಗಿ ನೀರು ತಂದಳು. ನಾನು ಯಾಕೆ ನಕ್ಕೆ ಎಂಬುದನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಕುಳಿತುಕೊಳ್ಳಿ.

ನನ್ನ ತವರು ಹಿರೇಕೆರೂರು ಸೀಮೆಯ ಚಿಕ್ಕೇರೂರು. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳು. ನೀರೆಂದರೆ ಕೊಡದಲ್ಲಿ ತಂದು ಹಂಡೆಯಲ್ಲಿ ಮುಚ್ಚಿಡುವ ವಸ್ತು. ನಮ್ಮವ್ವ ಸ್ವಚ್ಛದವಳು. ಸೋಮವಾರಕ್ಕೊಮ್ಮೆ ಹಂಡೆ ಬೋರಲು ಹಾಕಿ ಬೂದಿ, ತೆಂಗಿನ ನಾರು ಹಚ್ಚಿ ತಿಕ್ಕಿಸುತ್ತಿದ್ದಳು. ಒಳಗೆ ಒಂದು ಹಸಿರು ಚುಕ್ಕೆ ಕಂಡರೂ, “ಈ ನೀರಿಂದ ದೇವರ ಜಗಲಿ ಲಿಂಗಪ್ಪಗ ಜಳಕಾ ಮಾಡಸ್ತೀಯೇನ?” ಎಂದು ನನ್ನ ತಲೆಗೆ ಮೊಟಕುತ್ತಿದ್ದಳು. ಹೀಗೆ ಬೆಳೆದವಳು ನಾನು. ಬೀಸುವ ಕಲ್ಲಿನ ಅಡಿಯನ್ನು ಕೂಡ ಎತ್ತಿಸಿ ತೊಳೆದ ಹೆಣ್ಣು ಎಂದು ನಮ್ಮ ಓಣಿಯಲ್ಲಿ ಹೆಸರಾಗಿತ್ತು. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಹದಿನಾರಕ್ಕೆ ಮದುವೆಯಾಗಿ ಹಾನಗಲ್ಲ ಕಡೆಯ ಒಂದು ಹಳ್ಳಿಗೆ ಬಂದೆ. ದೊಡ್ಡ ಯುದ್ಧ ನಡೆದಿದ್ದ ಕಾಲ. ಸೀಮೆ ಎಣ್ಣೆಯಿಂದ ಹಿಡಿದು ಅಕ್ಕಿಯವರೆಗೆ ಎಲ್ಲದಕ್ಕೂ ರೇಶನ್. ಗಂಡನ ಊರು ಭತ್ತದ ಊರು. ಮಳೆಗಾಲದ ಮುಂಚೆ ಕೂರಿಗೆಯಲ್ಲಿ ಬಿತ್ತಿ, ಪೈರು ಗೇಣುದ್ದವಾದ ಮೇಲೆ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಅಷ್ಟು ನೀರನ್ನು ಸುಮ್ಮನೆ ಹೊಲದಲ್ಲಿ ನಿಲ್ಲಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದ ಸೊಸೆಗೆ ಕೆರೆಯ ಕೆಳಗಿನ ಒಂದು ಸಣ್ಣ ಗದ್ದೆ ಕೊಡುವುದು. ‘ಸೊಸಿ ಗದ್ದಿ’ ಎಂದೇ ಅದರ ಹೆಸರು. ಒಂದು ವರ್ಷ ಅದರ ಕಳೆ, ನೀರು, ಕಾವಲು ಎಲ್ಲ ಅವಳದು. ಸುಗ್ಗಿಯಾದ ಮೇಲೆ ಮನೆಯಲ್ಲಿ ದಾಸೋಹ. ಮನೆಗೆ ಬರುವ ಜಂಗಮ ಅಯ್ಯನವರ ಎಡೆಗೂ ಊರ ಪಂಕ್ತಿಗೂ ಆ ಗದ್ದೆಯ ಅಕ್ಕಿಯೇ ಬೇಯಬೇಕು. ನಮ್ಮತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಬಾಯಲ್ಲಿ ಸವಣೂರು ವೀಳ್ಯದೆಲೆ ಹಾಕಿಕೊಂಡು, ಒಂದೇ ಸಲ ಹೇಳಿದರು:

“ನಾನೂ ಬೆಳದೇನಿ, ನಮ್ಮತ್ತಿನೂ ಬೆಳದಾಳ. ಈ ಮನ್ಯಾಗ ದಾಸೋಹದ ಅಕ್ಕಿ ಹೊರಗಿಂದ ಬಂದಿಲ್ಲವಾ. ಈ ವರ್ಷ ತರತೇನಂದ್ರೂ ಎಲ್ಲೂ ಸಿಗಂಗಿಲ್ಲ. ತಿಳೀತಿಲ್ಲೋ?”

ತಿಳಿಯಿತು. ರಾತ್ರಿ ಕನಸಿನಲ್ಲೂ ತಿಳಿಯುತ್ತಲೇ ಇತ್ತು.

ಗದ್ದೆಯ ಕೆಲಸ ಕಲಿಸಲು ಅತ್ತೆ ಫಕೀರವ್ವನಿಗೆ ಹೇಳಿದ್ದರು. ಆಕೆ ನಮ್ಮ ಮನೆಯ ಹೊಲಗೆಲಸ ಮಾಡುತ್ತ ಬಂದವಳು, ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ನಾಲ್ಕು ಮನೆಗಾಗುವಷ್ಟು. ನನ್ನ ಗದ್ದೆಯ ಕೆಳಗೇ, ಒಂದೇ ಬದುವಿನ ಆಚೆ, ಆಕೆಗೆ ಬಿಟ್ಟುಕೊಟ್ಟಿದ್ದ ಒಂದು ತುಂಡು ಗದ್ದೆ ಇತ್ತು. ಕಳೆ ಯಾವುದು, ಭತ್ತ ಯಾವುದು ಎಂದು ತೋರಿಸಿಕೊಟ್ಟು ತಂಗಿಯ ಬಾಣಂತನಕ್ಕೆಂದು ತಡಸಕ್ಕೆ ಹೋದಳು. ಹೋದವಳು ತಿಂಗಳು ಬರಲಿಲ್ಲ.

ಆ ತಿಂಗಳೇ ಶ್ರಾವಣ. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ನನ್ನ ಗದ್ದೆಯ ನೀರಿನ ಮೇಲೆಲ್ಲ ಹಸಿರು ಹಾವಸೆ! ಪೈರಿನ ಬುಡಕ್ಕೆ ಲೋಳೆ ಲೋಳೆಯಾಗಿ ಸುತ್ತಿಕೊಂಡಿದೆ. ಅಯ್ಯನವರ ಎಡೆಗೆ ಹೋಗುವ ಅಕ್ಕಿ ಇಂಥ ಕೊಳೆಯಲ್ಲಿ ಬೆಳೆಯಬೇಕೆ? ಪಕ್ಕದ ಗದ್ದೆಗಳಲ್ಲೂ ಹಾಗೇ ಇತ್ತು, ನಿಜ. ‘ಇಲ್ಲಿಯವರಿಗೆ ಸ್ವಚ್ಛ ಗೊತ್ತಿಲ್ಲ’ ಎಂದುಕೊಂಡೆ ನಾನು! ಬಂದು ಮೂರು ತಿಂಗಳಾಗಿರಲಿಲ್ಲ, ಊರಿಗೆಲ್ಲ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದೆ.

ಮರುದಿನದಿಂದ ಜಳಕ ಮಾಡಿ, ಹಣೆಗೆ ವಿಭೂತಿ ಧರಿಸಿ, ಬುಟ್ಟಿ ಹಿಡಿದು ಗದ್ದೆಗಿಳಿದೆ. ಶಿವಾಯ ನಮಃ ಎನ್ನುತ್ತ ಹಾವಸೆಯನ್ನೆಲ್ಲ ಬಾಚಿ ಬಾಚಿ ಬದುವಿನಾಚೆ ಎಸೆದೆ. ಅಷ್ಟಕ್ಕೇ ಬಿಡಲಿಲ್ಲ. ಕೊಳೆ ನೀರು ಹೋಗಲೆಂದು ಬದು ಒಡೆದು ನೀರನ್ನೂ ಬಿಟ್ಟೆ, ಮೇಲಿನಿಂದ ಕೆರೆಯ ತಿಳಿನೀರು ತುಂಬಿಸಿದೆ. ಎರಡು ದಿನಕ್ಕೊಮ್ಮೆ ಇದೇ ಕೆಲಸ. ಹಂಡೆ ತಿಕ್ಕುವ ಹಾಗೆ ಗದ್ದೆ ತಿಕ್ಕಿದೆನೆನ್ನಿ. ನೀರಲ್ಲಿ ಮುಖ ಕಾಣುತ್ತಿತ್ತು. ನಮ್ಮವ್ವ ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ ಎಂದು ಕಣ್ಣಲ್ಲಿ ನೀರು ಬರುತ್ತಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಪೈರು ಹಳದಿಗೆ ತಿರುಗಿತು. ಮೊದಲು ಕೆಳಗಿನ ಗರಿ, ಆಮೇಲೆ ಮೇಲಿನದು. ಊರೆಲ್ಲ ಹಸಿರು, ನಡುವೆ ನನ್ನದೊಂದು ಕಾಮಾಲೆಯಾದ ಮಗುವಿನ ಮುಖದ ಹಾಗೆ. ಇನ್ನೂ ಕೊಳೆ ಉಳಿದಿದೆ ಎಂದು ಇನ್ನಷ್ಟು ತೊಳೆದೆ. ಅದು ಇನ್ನಷ್ಟು ಹಳದಿಯಾಯಿತು. ಅತ್ತೆಗೆ ಮೊಣಕಾಲು ನೋವು, ಗದ್ದೆಯ ಕಡೆ ಬರುತ್ತಿರಲಿಲ್ಲ. ಅವರ ಆ ನೋವನ್ನೂ ನಾನು ದೇವರ ಕೃಪೆಗಳಲ್ಲಿ ಎಣಿಸಿದೆ, ಶಿವ ಕ್ಷಮಿಸಲಿ. ಸಂಜೆ ಪೂಜೆ ಮುಗಿದ ಮೇಲೆ ದಿನದ ಕೃಪೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಆ ದಿನಗಳಲ್ಲಿ ಎರಡನೇ ಬೆರಳಿಗೆ ಹೋಗುವುದೇ ಕಷ್ಟವಾಗಿತ್ತು.

“ಗದ್ದಿ ಹೆಂಗೈತಿ?” ಎಂದು ಅತ್ತೆ ಕೇಳಿದರೆ, “ಸ್ವಚ್ಛ ಐತ್ರಿ” ಎನ್ನುತ್ತಿದ್ದೆ. ಸುಳ್ಳಂತೂ ಹೇಳಲಿಲ್ಲ.

ಫಕೀರವ್ವ ಬಂದದ್ದು ಆಗ. ನಾನು ಗೇಣುದ್ದ ನೀರಲ್ಲಿ ನಿಂತು ಹಾವಸೆ ಬಾಚುತ್ತಿದ್ದೆ. ಆಕೆ ಬದುವಿನ ಮೇಲೆ ನಿಂತು ನನ್ನ ಗದ್ದೆ ನೋಡಿದಳು, ತನ್ನ ಗದ್ದೆ ನೋಡಿದಳು. ಆಕೆಯದು ಕಪ್ಪಗೆ ಕಾಣುವಷ್ಟು ಹಸಿರಾಗಿ ತೊಡೆಯುದ್ದ ಬೆಳೆದು ನಿಂತಿತ್ತು.

“ಏನ ಮಾಡಾಕತ್ತೀಯ ತಂಗಿ?”

“ಕೊಳಿ ತಗ್ಯಾಕತ್ತೇನಿ.”

“ತಗದು?”

“ಆಚಿ ಕಡೆ ಒಗ್ಯಾಕತ್ತೇನಿ.”

“ನೀರ?”

“ಅದನ್ನೂ ಆಚಿ ಕಡೆನ ಬಿಡತೇನಿ.”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನೋಡಿದರೆ ಬದುವಿನ ಮೇಲೆ ಕುಕ್ಕರಿಸಿ ಕುಳಿತು ಹೊಟ್ಟೆ ಹಿಡಿದು ನಗುತ್ತಿದ್ದಾಳೆ.

“ಎಲ ನನ್ನವ್ವ! ಊರಾಗ ಇಲ್ಲದಾಕಿ ಗದ್ದಿ ಹಿಂಗ ಹೆಂಗ ಬೆಳೀತು, ಯಾವ ದೇವರು ಬಂದು ಗೊಬ್ಬರಾ ಹಾಕಿದಾ ಅಂತ ನಾ ವಿಚಾರ ಮಾಡಾಕತ್ತಿದ್ದೆ. ನಿನ್ನ ಗದ್ದಿ ಊಟ ಎಲ್ಲಾ ತಗದು ನನ್ನ ಗದ್ದಿಗೆ ಬಡಸೀಯಲ್ಲ!”

“ಊಟ? ಈ ಹೊಲಸು?”

“ಹೊಲಸಲ್ಲ ಹುಚ್ಚಿ. ಹಾವಸಿ ಕಟ್ಟಿದ ಗದ್ದಿ ಹಸದು ಮಲಗೂದಿಲ್ಲ. ಯಾಕಂದ್ರ ನನಗೊತ್ತಿಲ್ಲ. ನಮ್ಮವ್ವನೂ ಹಂಗಂತಿದ್ದಳು.”

ನಾನು ನೀರಲ್ಲೇ ನಿಂತು ಅತ್ತುಬಿಟ್ಟೆ. ದಾಸೋಹ, ಅತ್ತೆ, ಮನೆತನದ ಮರ್ಯಾದೆ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಫಕೀರವ್ವ ಅಳಲು ಒಂದಿಷ್ಟು ಹೊತ್ತು ಬಿಟ್ಟಳು. ಆಮೇಲೆ ಸೀರೆ ಕಚ್ಚೆ ಹಾಕಿ ತನ್ನ ಗದ್ದೆಗೆ ಇಳಿದಳು. “ಬುಟ್ಟಿ ಇಲ್ಲಿ ಕೊಡು. ನನ್ನ ಗದ್ದಿ ಹೊಟ್ಟಿ ತುಂಬೇತಿ, ಇನ್ನ ನಿಂದು ಉಣ್ಣಲಿ.”

ಹತ್ತು ದಿನ ಇಬ್ಬರೂ ಆಚೆಯ ಹಾವಸೆಯನ್ನು ಬುಟ್ಟಿಯಲ್ಲಿ ಹೊತ್ತು ಈಚೆಗೆ ಸುರಿದೆವು. ಬದುವಿನ ಬಾಯಿ ಮಣ್ಣಿಟ್ಟು ಮುಚ್ಚಿದೆವು. “ಇನ್ನ ಮ್ಯಾಲೆ ಜಳಕಾ ನೀನಷ್ಟ ಮಾಡು, ಗದ್ದಿಗೆ ಬ್ಯಾಡ” ಎಂದು ಆಕೆ ಕಟ್ಟಪ್ಪಣೆ ಮಾಡಿದಳು. ನಾನು ಕೈಕಟ್ಟಿ ಕುಳಿತೆ. ನನ್ನಂಥವಳಿಗೆ ಕೊಳೆ ನೋಡುತ್ತ ಕೈಕಟ್ಟಿ ಕೂರುವುದು ಎಂಥ ವ್ರತ ಎಂದು ನಿಮಗೆ ಹೇಗೆ ಹೇಳಲಿ! ಪೂರ್ತಿ ಒಂದು ಪಕ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಡುಗರಿಯಲ್ಲಿ ಹಸಿರು ಕಂಡಿತು. ಅಂದು ಗೆಣ್ಣುಗಳು ಸಾಲಲಿಲ್ಲ.

ಆದರೂ ಹಸಿದ ದಿನಗಳ ಲೆಕ್ಕ ಗಿಡ ಮರೆಯುವುದಿಲ್ಲ. ಸುಗ್ಗಿಯಲ್ಲಿ ನನ್ನ ಗದ್ದೆ ಮೂರು ಚೀಲ ಕೊಡಬೇಕಾದಲ್ಲಿ ಎರಡು ಕೊಟ್ಟಿತು. ಅಯ್ಯನವರ ಎಡೆಗೆ ಸಾಕು, ಊರ ಪಂಕ್ತಿಗೆ ಸಾಲದು. ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತೆ. ಅಷ್ಟರಲ್ಲಿ ಫಕೀರವ್ವ ತಲೆಯ ಮೇಲೆ ಒಂದು ಚೀಲ ಭತ್ತ ಹೊತ್ತು ಬಂದು ಅಂಗಳದಲ್ಲಿ ಇಳಿಸಿದಳು.

“ಏನಬೇ ಇದು?” ಎಂದರು ಅತ್ತೆ.

“ಸೊಸಿ ಗದ್ದಿ ಭತ್ತರಿ.”

“ಸೊಸಿ ಗದ್ದೀದು ಒಳಗೈತಲ್ಲ.”

“ಇದೂ ಅದರದ ಪಾಲ್ರಿ ಅವ್ವಾರ. ಆ ಗದ್ದಿ ಉಣ್ಣಬೇಕಾದ್ದು ನನ್ನ ಗದ್ದಿ ಉಂಡೈತಿ. ನಾ ಇಟಗೊಂಡ್ರ ಮೈಗೆ ಹತ್ತಂಗಿಲ್ಲ. ಹೆಂಗ ಉಂಡಿತು ಅಂತ ನಿಮ್ಮ ಸೊಸೀನ ಕೇಳ್ರಿ.”

ಹೇಳಿದೆ. ಬುಟ್ಟಿ, ಬದು, ತಿಳಿನೀರು, ಶಿವಾಯ ನಮಃ, ಎಲ್ಲ ಹೇಳಿದೆ. ಅತ್ತೆಯ ಬಾಯಲ್ಲಿನ ಎಲೆ ಅಡಿಕೆ ನಿಂತಿತು. ಅಷ್ಟು ಹೊತ್ತಿಗೆ ನಾನು ಮನಸ್ಸಿನಲ್ಲೇ ತವರಿಗೆ ಮರಳುವ ಗಾಡಿಯನ್ನೂ ಹತ್ತಿ ಕುಳಿತಿದ್ದೆ. ಅವರು ಎದ್ದರು, ಕುಂಟುತ್ತ ಹೋಗಿ ಎಲೆ ಉಗುಳಿ ಬಂದರು, ಆಮೇಲೆ ಇಡೀ ಓಣಿಗೆ ಕೇಳುವಂತೆ ನಕ್ಕರು.

“ಕೇಳಿರೇನ್ರೇ! ನಮ್ಮ ಸೊಸಿ ಗದ್ದಿಗೆ ಜಳಕಾ ಮಾಡಸ್ಯಾಳ! ವಿಭೂತಿ ಒಂದ ಹಚ್ಚೂದು ಬಿಟ್ಟಾಳ!”

ನಗು ನಿಂತ ಮೇಲೆ ಫಕೀರವ್ವನ ಚೀಲದ ಮೇಲೆ ಕೈಯಿಟ್ಟರು. ಅಂಗಳದಲ್ಲಿದ್ದ ಒಬ್ಬ ಹಿರಿಯ ನೆಂಟರು, “ಅಕಿ ಗದ್ದೀದು ಎಡಿಗೆ ಹೆಂಗ ನಡೀತೈತಿ?” ಎಂದು ತಕರಾರು ತೆಗೆದರು. ಅತ್ತೆ ಅವರ ಕಡೆ ತಿರುಗಲಿಲ್ಲ.

“ಬದು ಹಾಕಿದವ್ರು ನಾವು. ಆಚಿ ಈಚಿ ಅಂತ ಊಟಕ್ಕ ಏನ ಗೊತ್ತೈತಿ? ಎರಡೂ ಕೂಡಿಸಿ ಕುಟ್ಟರಿ. ಫಕೀರವ್ವಾ, ನೀ ಮೊದಲನೇ ಪಂಕ್ತ್ಯಾಗ ಕುಂದರಬೇಕ ನೋಡು.”

ಫಕೀರವ್ವ ಕುಳಿತಳು. ಬಡಿಸಿದವಳು ನಾನು. ಅನ್ನ ಹಾಕುವಾಗ ಆಕೆ ಮೆಲ್ಲಗೆ, “ತಂಗಿ, ಅಕ್ಕಿ ಎಷ್ಟ ಸಲ ತೊಳದಿ?” ಎಂದಳು. ನಗು ತಡೆಯಲಾರದೆ ಸೌಟು ಅಲುಗಿ ಅರ್ಧ ಅನ್ನ ಎಲೆಯ ಹೊರಗೆ ಬಿತ್ತು. ಆಮೇಲೆ ಎಷ್ಟೋ ವರ್ಷ ಸವಣೂರು ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಕೂಡ ನನ್ನನ್ನು ತೋರಿಸಿ, “ಗದ್ದಿ ತೊಳದಾಕಿ ಈಕೀನ ಏನ?” ಎನ್ನುತ್ತಿದ್ದರು. ಹೌದ್ರೀ ನಾನ, ಎಂದು ನಾನೂ ನಗಲು ಕಲಿತೆ.

ಸುಮಾ ಇದನ್ನೆಲ್ಲ ಕೇಳಿ ಲೋಟ ಎತ್ತಿ ಬೆಳಕಿಗೆ ಹಿಡಿದಳು. “ಅಜ್ಜಿ, ಆ ಬರ್ಫದ ಸಮುದ್ರದಾಗೂ ಹಿಂಗ. ಅಡಿಗಿ ಮಾಡಿದ್ದು ತಾವ ಅಷ್ಟ ಉಣ್ಣಂಗಿಲ್ಲ. ಒಂದಿಷ್ಟು ನೀರಿಗೆ ಚೆಲ್ಲತಾವು. ಬಾಜೂಕಿನವು ಅದನ್ನ ಉಂಡು ಬದಕತಾವು.”

ಅಲ್ಲಿ ಸಮುದ್ರಕ್ಕೆ ಬದು ಕೂಡ ಇಲ್ಲವಲ್ಲ ಎಂದುಕೊಂಡೆ. ಯಾರೂ ಹೋಗದ, ದೀಪವಿಲ್ಲದ ಆ ಚಳಿಯಲ್ಲೂ ಕಣ್ಣಿಗೆ ಕಾಣದ ಫಕೀರವ್ವಗಳು ಬುಟ್ಟಿ ಹೊರುತ್ತಿದ್ದಾರೆ. ನನಗೆ ಗೊತ್ತೇ ಇರಲಿಲ್ಲ, ಆದರೂ ಶಿವ ನಡೆಸುತ್ತಲೇ ಇದ್ದ. ಅಂದು ಸಂಜೆ ಅದನ್ನು ಒಂದು ಗೆಣ್ಣಿಗೆ ಹಾಕಿದೆ.

ಹುಡುಗಿ ಧಾರವಾಡಕ್ಕೆ ಹೋಗಿ ವಾರವಾಯಿತು. ಲೋಟ ಮರೆತು ಹೋಗಿದ್ದಾಳೆ. “ಚೆಲ್ಲಿಬಿಡು ಅಜ್ಜಿ, ನನ್ನ ಕೆಲಸ ಮುಗದೈತಿ” ಎಂದು ಫೋನಿನಲ್ಲಿ ಹೇಳಿದಳು. ಅರ್ಧ ನೀರನ್ನು ಅಂಗಳದ ಬಿಲ್ವಪತ್ರಿ ಗಿಡದ ಬುಡಕ್ಕೆ ಬಡಿಸಿದೆ. ಉಳಿದರ್ಧದ ಮೇಲೆ ಹೊಸ ನೀರು ಹಾಕಿ ಲೋಟವನ್ನು ಮತ್ತೆ ಕಿಟಕಿಯಲ್ಲಿಟ್ಟೆ. ಪಾತ್ರೆ ತಿಕ್ಕುವ ಹುಡುಗಿ ದಿನಾ ಬೆಳಿಗ್ಗೆ ಅದಕ್ಕೆ ಕೈ ಹಾಕುತ್ತಾಳೆ. ನಾನು ಅಲ್ಲಿಂದಲೇ ಕೂಗುತ್ತೇನೆ:

“ಅದನ್ನ ತೊಳಿಬ್ಯಾಡವಾ! ಅಡಿಗಿ ನಡದೈತಿ.”