ನಾನು ಅಳಿಸಿದ ಹಾಡು

ಗೌರಿ, ಆ ಕ್ಯಾಸೆಟ್ಟು ನೀನು ಧೂಳು ಒರೆಸುವಾಗ ಅಳಿಸಿಹೋಗಲಿಲ್ಲ. ಅಳಿಸಿದವನು ನಾನು — ಬೇಕೆಂದೇ, ಬಾಗಿಲು ಹಾಕಿಕೊಂಡು, ಹಾಡುಹಗಲಲ್ಲಿ. ಎಂಟು ವರ್ಷ ನಿನ್ನ ತಲೆಯ ಮೇಲೆ ಹೊರಿಸಿದ್ದ ಆ ತಪ್ಪನ್ನು ಇವತ್ತು ಇಳಿಸುತ್ತಿದ್ದೇನೆ.

ನನ್ನ ಗುಣ ನಿನಗೆ ಗೊತ್ತಿದ್ದದ್ದೇ. ಕಾಯಿ ಕೀಳುವವರು ಹೋದ ಮೇಲೂ ಎಲ್ಲಾದರೂ ಕಾಯಿ ಬಚ್ಚಿಟ್ಟಿದ್ದಾರೇನೋ ಎಂದು ತೋಟದ ಬೇಲಿಯಲ್ಲಿ ಕೈಯಾಡಿಸಿ ನೋಡುವ ಆಸಾಮಿ ನಾನು. ಜೊತೆಯಲ್ಲಿ ಓದಿದ ರುದ್ರೇಶನ ಮೇಲೂ ಪೂರ್ತಿ ನಂಬಿಕೆಯಿರಲಿಲ್ಲ. ಎಪ್ಪತ್ತರ ಆ ವರ್ಷಗಳಲ್ಲಿ ಕೂದಲಿಗೆ ಎಣ್ಣೆ ಮೆತ್ತಿ ಮೇಲಕ್ಕೆ ಬಾಚಿ, ಗಿಟಾರು ನೇತುಹಾಕಿಕೊಂಡು, ಕಡೂರು ತರೀಕೆರೆಯ ಮದುವೆಮನೆಗಳಲ್ಲಿ ಸೊಂಟ ಕುಣಿಸುತ್ತ ಇಂಗ್ಲಿಷ್ ಹಾಡು ಹೇಳುತ್ತಿದ್ದವನು ಅವನು. ಅಂಥವನು ಅಜ್ಜಂಪುರದಿಂದ ಟೇಪ್ ರೆಕಾರ್ಡರ್ ಹೊತ್ತು ಪಂಚನಹಳ್ಳಿಯ ನಮ್ಮ ಮನೆಗೆ ಬಂದು, ಹೆಂಗಸರ ಬೀಸುವ ಪದ, ಸೋಬಾನೆ ಪದಗಳನ್ನು ಗಿಟಾರಿಗೆ ಹೊಂದಿಸಿ ಒಂದು ಕ್ಯಾಸೆಟ್ ತರುತ್ತೇನೆ ಎಂದಾಗ, ಇವನಿಗೂ ರಾಗಿಕಲ್ಲಿಗೂ ಏನು ನಂಟು ಅನ್ನಿಸಿತು. ಹಾಡಿನ ನೆಪದಲ್ಲಿ ಬೇರೇನೋ... ಆಗಲೇ ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ.

ನಾನು ತೋಟಕ್ಕೆ ಹೋಗಿದ್ದಾಗ ನಿನ್ನ ಹಾಡನ್ನು ಟೇಪಿನಲ್ಲಿ ಹಿಡಿದುಕೊಂಡ ಮೇಲೆ ಅವನು ಮಿಷನ್ನನ್ನು ನಮ್ಮಲ್ಲೇ ಬಿಟ್ಟು, ಲಕ್ಕವಳ್ಳಿ ಕಡೆ ಹಾಡುವವರು ಯಾರಿದ್ದಾರೆಂದು ವಿಚಾರಿಸಲು ಹೋದ. ನೀನು ಹೊಲಕ್ಕೆ ಹೋಗಿದ್ದೆ. ನಾನು ಕ್ಯಾಸೆಟ್ ಹಾಕಿದೆ. ಮೊದಲು ಕೇಳಿದ್ದು ನಿನ್ನ ನಗು. ಹಾಗೆ ನೀನು ನನ್ನೆದುರು ಯಾವತ್ತೂ ನಕ್ಕಿರಲಿಲ್ಲ — ಅಥವಾ ನಗಿಸುವ ಮಾತನ್ನು ನಾನು ಆಡಿರಲಿಲ್ಲ. ಆಮೇಲೆ ಆ ಮಾತು:

"ಅವ್ರಿಗೆ ಮಾತ್ರ ಹೇಳ್ಬ್ಯಾಡಿ ಕಣಣ್ಣ."

ನೀನು ಅಣ್ಣ ಎಂದದ್ದು ಸ್ಪಷ್ಟವಾಗಿ ಕೇಳಿಸಿತ್ತು, ಗೌರಿ. ಅದೂ ನಾಟಕ ಅಂದುಕೊಂಡೆ. ಕಲ್ಲು ತಿರುಗುವ ಸದ್ದಿನ ಜೊತೆ ನಿನ್ನ ಪದ ಶುರುವಾಯಿತು. ತವರಿನ ಮೇಲೆ ಎರಡು ನುಡಿ. ಮೂರನೆಯದನ್ನು ಕೇಳುವ ತಾಳ್ಮೆ ಇರಲಿಲ್ಲ. ಹಿಂದಕ್ಕೆ ಸುತ್ತಿ, ರೆಕಾರ್ಡಿನ ಎರಡು ಗುಂಡಿ ಒಟ್ಟಿಗೆ ಒತ್ತಿ, ಆ ಪಕ್ಕ ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕೂತೆ.

ರುದ್ರೇಶ ಬಂದು ಹಾಕಿ ನೋಡಿದರೆ ಬರೀ ಸುಯ್ಯೆನ್ನುವ ಸದ್ದು. ನೀನು, ಧೂಳು ಒರೆಸುವಾಗ ನಾನೇ ಏನೋ ಒತ್ತಿಬಿಟ್ಟಿರಬೇಕು ಎಂದು, ಅವನಲ್ಲಿ ಕ್ಷಮೆ ಕೇಳಿದೆ. ನಿನ್ನ ಕಣ್ಣು ತುಂಬಿತ್ತು. ನಾನು ಕಂಬಕ್ಕೊರಗಿ, ನೀವಿಬ್ಬರೂ ಕಣ್ಣಲ್ಲೇ ಏನಾದರೂ ಮಾತಾಡಿಕೊಳ್ಳುತ್ತೀರಾ ಎಂದು ನೋಡುತ್ತಿದ್ದೆ — ಆಗಲೂ. ಇನ್ನೊಮ್ಮೆ ಹಾಡು ಎಂದು ಅವನು ಎಷ್ಟು ಕೇಳಿಕೊಂಡರೂ ನೀನು ಒಪ್ಪಲಿಲ್ಲ.

ಅವನನ್ನು ಬಸ್ಸು ಹತ್ತಿಸಲು ಹೋದಾಗ, ಕಡೂರಿನ ಬಸ್ ಸ್ಟಾಂಡಿನಲ್ಲಿ ಅವನಾಗಿಯೇ ಹೇಳಿದ:

"ಕೊನೇ ನುಡೀಲಿ ತಂಗಿ ನಿನ್ ಹೆಸ್ರು ಹಾಕಿತ್ತು ಕಣೋ ನಂಜುಂಡ. ಗಂಡನ ಹೆಸ್ರು ಬಾಯಲ್ಲಿ ಹೇಳಂಗಿಲ್ವಲ್ಲ, ಹಾಡಲ್ಲಾದ್ರೆ ಹೇಳ್ಬೋದು ಅಂತ ನಗ್ತಿತ್ತು. ಕ್ಯಾಸೆಟ್ ಬಂದ್ಮೇಲೆ ಅವ್ರೇ ಕೇಳ್ಲಿ ಅಂತಿತ್ತು, ಪಾಪ."

ಮದುವೆಯ ದಿನ ಹೆಂಗಸರು ಕಾಡಿದಾಗ ಒಗಟು ಕಟ್ಟಿ ನೀನು ನನ್ನ ಹೆಸರು ಹೇಳಿದ್ದೆಯಂತೆ. ಓಲಗದ ಗಲಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ. ಎರಡನೇ ಸಲ ಹೇಳಿದ್ದನ್ನು ನಾನೇ ಅಳಿಸಿದೆ. ಅಷ್ಟಾದರೂ, ಊರು ಸೇರುವಷ್ಟರಲ್ಲಿ, ಇವನು ಸುಳ್ಳು ಹೇಳಿರಬಹುದೇ ಎಂದೂ ಯೋಚಿಸಿದೆ — ನಿಜವೋ ಸುಳ್ಳೋ ನೋಡಲು ಇದ್ದ ಒಂದೇ ಸಾಕ್ಷಿಯನ್ನು ಹಾಳುಮಾಡಿದವನು ನಾನೇ ಆಗಿದ್ದರೂ.

ಅವನ ಕ್ಯಾಸೆಟ್ಟು ಬಂತು. ಚೆನ್ನಾಗಿದೆ, ಹಾಡಿನ ಹಿಂದೆಯೇ ಗಿಟಾರು ಮೆಲ್ಲಗೆ ನಡೆಯುತ್ತದೆ. ಸಖರಾಯಪಟ್ಟಣದ ಒಬ್ಬ ಅಜ್ಜಿಯ ಪದವಿದೆ, ಲಕ್ಕವಳ್ಳಿಯ ಒಬ್ಬಳದ್ದಿದೆ. ನಿನ್ನದಿಲ್ಲ. ನೀನು ಅದನ್ನು ಪೂರ್ತಿ ಕೇಳಿ, ಎದ್ದು ಒಳಗೆ ಹೋದೆ. ರಾಗಿಯನ್ನು ಈಗ ಮಿಲ್ಲಿಗೇ ಕಳಿಸುತ್ತೀಯ. ನಮ್ಮ ಮನೆಯಲ್ಲಿ ಹಾಡು ನಿಂತಿದೆ.

ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದೀಯ — ಎಂದಿನಂತೆ, "ಏನ್ರೀ" ಎಂದು. ಈ ಹಾಳೆಯನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ಆ ಕೊನೆಯ ನುಡಿ ಏನಿತ್ತು ಎಂದೂ ಕೇಳುವುದಿಲ್ಲ.